ಮುಂದಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ ಗ್ರಂಥಾಲಯದ ಸದಸ್ಯೆಯೊಬ್ಬಳ ಬಹಿರಂಗ ಪತ್ರ

ಪಂಚಾಯಿತಿಗೆ ಆರಿಸಿ ಬರಲಿರುವ ಅಣ್ಣಂದಿರೇ, ಅಕ್ಕಂದಿರೇ,

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವರ ಐದು ವರ್ಷದ ಅವಧಿ ಮುಗಿದಿದೆ. ಮುಂದೆ ಯಾರು ನಿಲ್ಲುತ್ತಾರೆ, ಯಾವ ಕ್ಷೇತ್ರಕ್ಕೆ ಯಾವ ಮೀಸಲಾತಿ ಬರುತ್ತದೆ ಎಂಬ ಮಾತು ಕಟ್ಟೆಯ ಮೇಲೆ ನಡೆದೇ ಇದೆ. ನೀವು ಮತ ಕೇಳಲು ಮನೆಮನೆಗೆ ಬಂದಾಗ ಚರಂಡಿ, ಸಿಸಿ ರಸ್ತೆ, ನಳದ ನೀರು, ಮನೆ ಮಂಜೂರಾತಿಯ ಬಗ್ಗೆ ಜನ ಕೇಳಿಯೇ ಕೇಳುತ್ತಾರೆ. ಗ್ರಂಥಾಲಯದ ಬಗ್ಗೆ ಬಹುಶಃ ಯಾರೂ ಕೇಳಲಿಕ್ಕಿಲ್ಲ. ಅದನ್ನು ಪಂಚಾಯಿತಿಯಿಂದ ಕೇಳಿ ಪಡೆಯಬಹುದು ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು, ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ನಮ್ಮ ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಎಂ.ಎ. ಪರೀಕ್ಷೆಗೆ ನಾನು ಓದಿದ್ದು ನಮ್ಮೂರ ಗ್ರಂಥಾಲಯದಲ್ಲಿ. ಹಾಗಾಗಿ ಆ ಕೋಣೆಯ ಪರವಾಗಿ ಕೇಳುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ಈ ಹೊಣೆ ಈಗ ನಿಮ್ಮದು. ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಏನು ಕೇಳಬೇಕಾದರೂ ಜಿಲ್ಲಾ ಕೇಂದ್ರದ ಕಡೆಗೆ ಮುಖ ಮಾಡಬೇಕಿತ್ತು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಾದ್ಯಂತ 5,600ಕ್ಕೂ ಹೆಚ್ಚು ಗ್ರಂಥಾಲಯಗಳು ಹೀಗೆ ಗ್ರಾಮ ಪಂಚಾಯಿತಿಗಳ ಮಡಿಲಿಗೆ ಬಿದ್ದವು. ಅದಾದ ಮೇಲೆ ಒಳ್ಳೆಯ ಕೆಲಸಗಳಾಗಿವೆ, ಅದನ್ನು ಮನಸಾರೆ ಹೇಳಬೇಕು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, 2020ರಲ್ಲಿ ‘ಓದುವ ಬೆಳಕು’ ಎಂಬ ಮಕ್ಕಳ ಓದಿನ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಸುಣ್ಣ ಕಾಣದೆ ವರ್ಷಗಳೇ ಕಳೆದಿದ್ದ ಗೋಡೆಗಳ ಮೇಲೆ ಚಿತ್ರಗಳು ಬಂದವು. ಹೊರಗಿನ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ‘ಗ್ರಾಮ ಡಿಜಿ ವಿಕಸನ’ದಂಥ ಕಾರ್ಯಕ್ರಮಗಳಲ್ಲಿ ಎಷ್ಟೋ ಕಡೆ ಟಿ.ವಿ., ಕಂಪ್ಯೂಟರ್, ಮೊಬೈಲ್ ಬಂದವು. ಮೊದಲು ದಿನಪತ್ರಿಕೆ ಮಡಚಿಡುವ ಕೋಣೆಯಾಗಿದ್ದಲ್ಲಿ ಮಕ್ಕಳ ದನಿ ಕೇಳತೊಡಗಿತು.

ಇಷ್ಟೆಲ್ಲ ಬಂದರೂ ಒಂದು ಕೆಲಸ ಆಗಲಿಲ್ಲ. ಅಲ್ಲಿಗೆ ಬಂದು ಕೂರುವವರನ್ನು, ಬರಲಾಗದೆ ಮನೆಯಲ್ಲೇ ಉಳಿದವರನ್ನು ‘ನಿಮಗೇನು ಬೇಕು’ ಎಂದು ಯಾರೂ ಕೇಳಲಿಲ್ಲ. ಪುಸ್ತಕ, ಯಂತ್ರ, ಸಮಯ, ಸುಣ್ಣದ ಬಣ್ಣ ಎಲ್ಲವೂ ಬೇರೆಲ್ಲೋ ತೀರ್ಮಾನವಾಗಿಯೇ ಬಂದವು. ಆ ತೀರ್ಮಾನದಲ್ಲಿ ಓದುವವರಿಗೂ ಪಾಲು ಕೊಡಿ ಎಂದು ಕೇಳುವುದಕ್ಕೇ ಈ ಪತ್ರ.

ಯಾರು ಬರುತ್ತಾರೆ, ನೋಡಿ. ಬೆಳಿಗ್ಗೆ ಬಾಗಿಲು ತೆರೆಯುವುದನ್ನೇ ಕಾಯುತ್ತ ಹಿರಿಯರು ನಿಂತಿರುತ್ತಾರೆ. ಅವರಿಗೆ ಪೇಪರ್ ಬೇಕು, ಅದು ಮಧ್ಯಾಹ್ನಕ್ಕಲ್ಲ, ಬೆಳಿಗ್ಗೆಯೇ ಬೇಕು. ಮೊದಲ ಬಸ್ಸಿಗೆ ಪೇಪರ್ ಬಾರದಿದ್ದರೆ ಆ ದಿನವೇ ಕಳೆಗುಂದಿದ ಹಾಗೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ಚಿತ್ರದ ಪುಸ್ತಕ, ಕೇರಂ ಬೋರ್ಡು, ಟಿ.ವಿ. ಎಲ್ಲವೂ ಅವರಿಗೆ ಬೇಕು. ಈ ಎರಡು ಗುಂಪುಗಳನ್ನು ನೀವು ನೋಡಿರುತ್ತೀರಿ. ಮೂರನೆಯ ಗುಂಪಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಅವರು ದನಿ ಎತ್ತುವವರಲ್ಲ, ಮೂಲೆ ಹಿಡಿದು ಕೂರುವವರು.

ಪದವಿ ಮುಗಿಸಿ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಇವರು. ಪೊಲೀಸ್ ಕಾನ್‌ಸ್ಟೆಬಲ್, ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಶಿಕ್ಷಕರ ಟಿಇಟಿ. ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ ರೂಮು ಮಾಡಿ, ಕೋಚಿಂಗ್ ಸೇರಿ ಓದುವಷ್ಟು ದುಡ್ಡು ಇದ್ದವರು ಹೋಗುತ್ತಾರೆ. ಇಲ್ಲದವರು ಊರಿನಲ್ಲೇ ಓದಬೇಕು. ಮನೆಯಲ್ಲಿ ಎಲ್ಲಿ ಓದುವುದು? ಪಡಸಾಲೆಯಲ್ಲಿ ಧಾರಾವಾಹಿ ನಡೆದಿರುತ್ತದೆ, ಅಡುಗೆ ಮನೆಗೆ ಹೋದರೆ ಕೆಲಸ ಕಾಯುತ್ತಿರುತ್ತದೆ, ಹೊರಗೆ ಕಟ್ಟೆಯ ಮೇಲೆ ಕೂತರೆ ಬಂದವರೆಲ್ಲ ‘ಏನವ್ವಾ, ಇನ್ನೂ ನೌಕರಿ ಆಗಲಿಲ್ಲೇನು’ ಎಂದು ಕೇಳುತ್ತಾರೆ. ಹೆಣ್ಣುಮಕ್ಕಳಿಗಂತೂ ಪರೀಕ್ಷೆಯ ತಯಾರಿ ಎಂದರೆ ಮದುವೆಯನ್ನು ಇನ್ನೊಂದು ವರ್ಷ ಮುಂದೂಡಿಸಿಕೊಳ್ಳುವ ದಾರಿಯೂ ಹೌದು. ಅವರಿಗೆ ಗ್ರಂಥಾಲಯದ ಒಂದು ಕುರ್ಚಿಯ ಬೆಲೆ ಎಷ್ಟು ಎಂಬುದು ನನಗೆ ಗೊತ್ತು. ಆ ಕುರ್ಚಿಯ ಮೇಲೆ ನಾನೂ ಕೂತಿದ್ದೇನೆ.

ಇವರ ಬಗ್ಗೆ ಸಾಹಿತ್ಯ ಬಲ್ಲ ದೊಡ್ಡವರು ಒಂದು ದೂರು ಹೇಳುತ್ತಾರೆ: ಇವರು ಓದುಗರಲ್ಲ, ನೌಕರಿಗಾಗಿ ಬಾಯಿಪಾಠ ಮಾಡುವವರು, ಇವರಿಂದ ಗ್ರಂಥಾಲಯ ಹೋಗಿ ಸ್ಟಡಿ ರೂಮ್ ಆಗಿದೆ ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ ವಿಧಿಗಳನ್ನು, ಕರ್ನಾಟಕದ ಇತಿಹಾಸವನ್ನು, ಭೂಗೋಳವನ್ನು, ಇವತ್ತಿನ ಸುದ್ದಿಯನ್ನು ದಿನಕ್ಕೆ ಎಂಟು ಗಂಟೆ ಓದುವವರು ಓದುಗರಲ್ಲದೆ ಮತ್ತೇನು? ಹಸಿವಾದವರು ಮೊದಲು ರೊಟ್ಟಿ ಕೇಳುತ್ತಾರೆ. ನೌಕರಿಯ ಪುಸ್ತಕಕ್ಕೆಂದು ಬಂದವಳ ಕೈಗೆ ಕಥೆಯ ಪುಸ್ತಕ ಇಡುವ ಅವಕಾಶ ಗ್ರಂಥಾಲಯಕ್ಕೆ ಇದ್ದೇ ಇದೆ, ಆದರೆ ಅವಳು ಮೊದಲು ಒಳಗೆ ಬಂದು ಕೂರಬೇಕು.

ಇವರು ಕೇಳುವುದು ದೊಡ್ಡದೇನಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿ. ಸಂಜೆ ಆರಕ್ಕೆ ಮುಚ್ಚದೆ ರಾತ್ರಿ ಒಂಬತ್ತರವರೆಗಾದರೂ ತೆರೆದಿರುವ ಬಾಗಿಲು. ಭಾನುವಾರ ತೆರೆದಿರುವ ಬಾಗಿಲು, ಏಕೆಂದರೆ ವಾರವೆಲ್ಲ ಕೂಲಿಗೋ ಗಾರ್ಮೆಂಟ್ಸಿಗೋ ಹೋಗುವವರಿಗೆ ಇರುವುದು ಅದೊಂದೇ ದಿನ. ಮೊಬೈಲ್ ಚಾರ್ಜಿಗೆ ಪ್ಲಗ್ ಪಾಯಿಂಟು. ಈ ವರ್ಷದ ಪುಸ್ತಕ. ಐದು ವರ್ಷ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮಂತ್ರಿಗಳ ಹೆಸರೇ ತಪ್ಪಿರುತ್ತದೆ. ಕುಡಿಯುವ ನೀರು. ಮತ್ತೆ ಶೌಚಾಲಯ. ಈ ಕೊನೆಯದನ್ನು ಹುಡುಗಿಯರು ಬಾಯಿಬಿಟ್ಟು ಕೇಳುವುದಿಲ್ಲ. ಮಧ್ಯಾಹ್ನಕ್ಕೆ ಎದ್ದು ಮನೆಗೆ ಹೋದವರು ಮತ್ತೆ ಬರುವುದಿಲ್ಲ, ಅಷ್ಟೇ. ಪಂಚಾಯಿತಿ ಕಟ್ಟಡದಲ್ಲಿ ಶೌಚಾಲಯ ಇದ್ದರೆ ಅದರ ಕೀಲಿಯನ್ನು ಗ್ರಂಥಾಲಯದವರ ಕೈಗೂ ಕೊಡಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಬಾರದೇ ಇರುವವರ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದ ವಾರದ ಸಭೆಯಲ್ಲಿ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ, ಗ್ರಂಥಾಲಯಕ್ಕೆ ನೀವೇಕೆ ಬರುವುದಿಲ್ಲ ಎಂದು ಕೇಳಿದೆ. ಓದು ಬಾರದು ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಹಾಗೆಂದವರು ಇದ್ದರು. ಆದರೆ ಓದು ಬರುವವರು ಹೇಳಿದ್ದು ಬೇರೆ. ‘ಅಲ್ಲಿ ಗಂಡಸರೇ ಕೂತಿರುತ್ತಾರೆ.’ ‘ಬಸ್‌ಸ್ಟ್ಯಾಂಡ್ ಎದುರು ಐತಿ, ಒಳಗ ಹೋದರ ಎಲ್ಲರೂ ನೋಡ್ತಾರ.’ ‘ನಾವು ಬಿಡುವಾಗೂದು ಮಧ್ಯಾಹ್ನ, ಆಗ ಅದು ಮುಚ್ಚಿರತೈತಿ.’ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ: ಏಳನೇ ಇಯತ್ತೆ ಓದಿದ ಮೇಲೆ ಪುಸ್ತಕವನ್ನೇ ಹಿಡಿದಿಲ್ಲ, ಕೈಗೆ ಕೊಟ್ಟರೆ ಓದಿಯೇನು, ಹೋಗಿ ಕೇಳಲು ನಾಚಿಕೆ.

ಏನು ಬೇಕು ಎಂದಾಗ ಬಂದ ಉತ್ತರಗಳು ನಾನು ಊಹಿಸಿದ್ದಕ್ಕಿಂತ ಅಗಲವಾಗಿದ್ದವು. ಕಾದಂಬರಿ, ಅದರಲ್ಲೂ ದಪ್ಪ ಅಕ್ಷರದ್ದು. ಶರಣರ ವಚನ. ಬ್ಲೌಸ್ ಕಟಿಂಗ್ ಪುಸ್ತಕ. ಹೆಣ್ಣುಮಕ್ಕಳ ಮುಟ್ಟು, ಬಸಿರು, ಸಕ್ಕರೆ ಕಾಯಿಲೆ, ಬಿಪಿಯ ಬಗ್ಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಪುಸ್ತಕ. ಆಸ್ತಿಯಲ್ಲಿ ಮಗಳ ಹಕ್ಕಿನ ಬಗ್ಗೆ ಕೇಳಿದವರು ದನಿ ತಗ್ಗಿಸಿ ಕೇಳಿದರು. ಮಗ ಇಂಗ್ಲಿಷ್ ಮೀಡಿಯಂ, ಅವನ ಹೋಂವರ್ಕ್ ನೋಡಲು ತಾನೂ ಸ್ವಲ್ಪ ಇಂಗ್ಲಿಷ್ ಕಲಿಯಬೇಕು ಎಂದರು ಇನ್ನೊಬ್ಬರು. ಹೆಣ್ಣುಮಕ್ಕಳಿಗೆ ಅಡುಗೆ, ರಂಗೋಲಿ ಪುಸ್ತಕ ಸಾಕು ಎಂದುಕೊಂಡವರಿಗೆ ಈ ಪಟ್ಟಿಯನ್ನು ತೋರಿಸಬೇಕು.

ಕೇರಳದಲ್ಲಿ ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿನ ಗ್ರಂಥಾಲಯಗಳಿಂದ ಮಹಿಳೆಯರು ಮನೆಮನೆಗೆ ಪುಸ್ತಕ ಒಯ್ದು ಕೊಟ್ಟು, ಓದಿದ್ದನ್ನು ವಾಪಸು ತರುವ ಯೋಜನೆ ಇದೆ. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ಹುಟ್ಟುಹಾಕಿದ ಗ್ರಂಥಾಲಯ ಸಂಘದ ಪರಂಪರೆ ಅದು. ಅಲ್ಲಿನ ಊರ ಗ್ರಂಥಾಲಯವನ್ನು ನಡೆಸುವುದು ಸದಸ್ಯರೇ ಆರಿಸಿದ ಸಮಿತಿ. ಸರ್ಕಾರದ ಅನುದಾನ ಬರುತ್ತದೆ, ಯಜಮಾನಿಕೆ ಊರಿನ ಓದುಗರದು. ನಮ್ಮ ಕನ್ನಡದವರೇ ಇರುವ ಕಾಸರಗೋಡು ಜಿಲ್ಲೆಯೂ ಇದೇ ವ್ಯವಸ್ಥೆಯೊಳಗಿದೆ, ಆದ್ದರಿಂದ ಕನ್ನಡದ ಓದುಗರಿಗೆ ಇದು ಆಗದ ಕೆಲಸ ಎನ್ನುವಂತಿಲ್ಲ. ನಮ್ಮ ಕಡೆ ಪುಸ್ತಕ ಒಯ್ಯಲು ಸಂಘದ ಸಭೆಗಳೇ ಇವೆ. ಪ್ರತಿ ಸಂಘವೂ ವಾರಕ್ಕೊಮ್ಮೆ ಸೇರುತ್ತದೆ. ಒಂದು ಚೀಲದಲ್ಲಿ ಇಪ್ಪತ್ತು ಪುಸ್ತಕ ಹಾಕಿ ಒಂದು ಸಂಘಕ್ಕೆ ತಿಂಗಳ ಮಟ್ಟಿಗೆ ಕೊಡಿ, ಮುಂದಿನ ತಿಂಗಳು ಆ ಚೀಲ ಮುಂದಿನ ಓಣಿಗೆ ಹೋಗಲಿ. ಲೆಕ್ಕ ಇಡುವುದರಲ್ಲಿ ನಮ್ಮ ಸಂಘಗಳಿಗಿಂತ ಕಟ್ಟುನಿಟ್ಟಿನವರು ಬ್ಯಾಂಕಿನಲ್ಲೂ ಸಿಗಲಿಕ್ಕಿಲ್ಲ.

ಹೆಣ್ಣುಮಕ್ಕಳಿಗೆ ಗ್ರಂಥಾಲಯದ ಆಸೆಯೇ ಇಲ್ಲ ಎನ್ನುವವರು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಮಂಟೂರಿನ ಕಡೆ ನೋಡಬೇಕು. ಅಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ತಮಗೆ ಬಂದ ಗೃಹಲಕ್ಷ್ಮಿ ಹಣ ಕೂಡಿಟ್ಟು ಊರ ಮಕ್ಕಳಿಗಾಗಿ ಗ್ರಂಥಾಲಯ ತೆರೆದರು. ಆ ಹಣದಲ್ಲಿ ಏನೆಲ್ಲ ಕೊಳ್ಳಬಹುದಿತ್ತು! ನಿಮ್ಮ ಹಾಗೆಯೇ ಪಂಚಾಯಿತಿ ಸದಸ್ಯರಾಗಿದ್ದವರು ಅವರು.

ಮೊಬೈಲ್ ಬಂದು ಓದು ಸತ್ತಿತು ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ಬೇಸರವಾಗಿದೆ. ನಮ್ಮೂರಿನಲ್ಲಿ ಹಿಂದೆಂದೂ ಇಷ್ಟು ಜನ ಇಷ್ಟು ಅಕ್ಷರ ಓದಿದ್ದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಮಾರುಕಟ್ಟೆ ಧಾರಣೆ ಓದುತ್ತಾರೆ, ಬೆಳೆ ವಿಮೆಯ ಸಂದೇಶ ಓದುತ್ತಾರೆ, ಹರಿದಾಡುವ ಸುಳ್ಳು ಸುದ್ದಿಯನ್ನೂ ಓದುತ್ತಾರೆ. ಆ ಸುಳ್ಳನ್ನು ಸುಳ್ಳೆಂದು ತಿಳಿಯಲು ಒಂದು ಜಾಗ ಬೇಕು. ಮೂರು ಪೇಪರ್ ಪಕ್ಕಪಕ್ಕ ಇಟ್ಟು ಒಂದೇ ಸುದ್ದಿಯನ್ನು ಹೋಲಿಸಿ ನೋಡಬಹುದಾದ ಜಾಗ ಊರಿನಲ್ಲಿ ಗ್ರಂಥಾಲಯ ಬಿಟ್ಟರೆ ಇನ್ನೊಂದಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎಂಬುದೂ ಪೂರ್ತಿ ನಿಜವಲ್ಲ. ಎಷ್ಟೋ ಮನೆಗಳಲ್ಲಿ ಇಂಟರ್‌ನೆಟ್ ಇರುವ ಮೊಬೈಲ್ ಒಂದೇ, ಅದು ಬೆಳಿಗ್ಗೆ ಮನೆಯ ಗಂಡಸಿನ ಜೇಬಿನಲ್ಲಿ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವುದು. ಆನ್‌ಲೈನ್ ಪಾಠದ ಕಾಲದಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿದ್ದನ್ನು, ಗುಡ್ಡ ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಇವತ್ತು ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನ್, ಪರೀಕ್ಷೆಯ ಅರ್ಜಿ ಆನ್‌ಲೈನ್, ಹಾಲ್ ಟಿಕೆಟ್ ಆನ್‌ಲೈನ್. ಕೊನೆಯ ದಿನ ಸರ್ವರ್ ನಿಧಾನವಾದರೆ ತಾಲ್ಲೂಕಿನ ಸೈಬರ್ ಸೆಂಟರ್ ಮುಂದೆ ಹೊತ್ತು ಮುಳುಗುವವರೆಗೆ ನಿಲ್ಲಬೇಕು. ಬಸ್ ಚಾರ್ಜು, ಅರ್ಜಿ ತುಂಬಿದ್ದಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದೆ, ಒಂದು ಪ್ರಿಂಟರ್ ಇಟ್ಟು ಪುಟಕ್ಕೆ ಇಷ್ಟು ಎಂದು ಬೋರ್ಡು ಬರೆದರೆ ಆ ಓಡಾಟವೇ ತಪ್ಪುತ್ತದೆ.

ಆದರೆ ಆ ಕಂಪ್ಯೂಟರ್‌ಗಳ ಗತಿ ಏನಾಗಿದೆ? ನಾನು ನೋಡಿದ ಗ್ರಂಥಾಲಯಗಳಲ್ಲಿ ಚೆನ್ನಾಗಿ ಬಳಕೆಯಾಗುತ್ತಿರುವವೂ ಇವೆ. ಮಕ್ಕಳು ಸರದಿಯಲ್ಲಿ ಕೂತು ಕನ್ನಡ ಟೈಪಿಂಗ್ ಕಲಿಯುವುದನ್ನು ಕಂಡಿದ್ದೇನೆ. ಬಟ್ಟೆ ಹೊದಿಸಿ ಬೀರುವಿನೊಳಗೆ ಕೀಲಿ ಹಾಕಿಟ್ಟಿದ್ದನ್ನೂ ಕಂಡಿದ್ದೇನೆ. ಕೆಟ್ಟರೆ ಯಾರು ಕೇಳುತ್ತಾರೋ ಎಂಬ ಭಯ ಅದಕ್ಕೆ ಕಾರಣ. ಹಳ್ಳಿಗಳಿಗೆ ಇಂಟರ್‌ನೆಟ್ ತರುವ ಕೇಂದ್ರದ ಯೋಜನೆ ಭಾರತ್‌ನೆಟ್‌ನ ಕೇಬಲ್ ಪಂಚಾಯಿತಿ ಕಚೇರಿಯವರೆಗೆ ಬಂದು ಅಲ್ಲೇ ನಿಂತಿರುತ್ತದೆ. ರಸ್ತೆಯ ಆಚೆ ಇರುವ ಗ್ರಂಥಾಲಯಕ್ಕೆ ಇನ್ನೊಂದಿಷ್ಟು ವೈರು ಎಳೆಯುವವರಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತುಂಬುತ್ತಿದ್ದ ಅರ್ಜಿ ಅರ್ಧಕ್ಕೇ ಹೋಗುತ್ತದೆ. ಬಂದ ಯಂತ್ರದ ಫೋಟೊ ಪೇಪರಿನಲ್ಲಿ ಬರುತ್ತದೆ, ಮರುವರ್ಷದ ಬ್ಯಾಟರಿಗೆ ಮಾತ್ರ ದುಡ್ಡು ಎತ್ತಿಟ್ಟಿರುವುದಿಲ್ಲ. ನಿಮ್ಮ ಕ್ರಿಯಾ ಯೋಜನೆಯಲ್ಲಿ ಬ್ಯಾಟರಿಗೂ ರಿಪೇರಿಗೂ ಒಂದು ಸಾಲು ಇರಲಿ.

ಓದಲು ಕನ್ನಡದಲ್ಲಿ ಏನಿದೆ ಎಂಬುದನ್ನೂ ಜನರಿಗೆ ತೋರಿಸಿ ಕೊಡಬೇಕು. ರಾಜ್ಯ ಸರ್ಕಾರ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುಮಾಡಿತು. ‘ಕಣಜ’ ಎಂಬ ಕನ್ನಡ ಜ್ಞಾನಕೋಶದ ಜಾಲತಾಣ ಇದೆ. ಮೈಸೂರಿನ ಭಾರತೀಯ ಭಾಷೆಗಳ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ನಿಘಂಟುಗಳಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿವೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ರಾಶಿ ಬಿದ್ದಿವೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲೇ ಬಹುತೇಕರಿಗೆ ಇವುಗಳ ಹೆಸರು ಗೊತ್ತಿಲ್ಲ. ಒಂದೊಂದು ಸ್ಕ್ಯಾನ್ ಕಡತವೂ ಭಾರೀ ದೊಡ್ಡದು, ದಿನದ ಡೇಟಾ ಅದೊಂದಕ್ಕೇ ಮುಗಿದುಹೋಗುತ್ತದೆ. ಹಕ್ಕುಸ್ವಾಮ್ಯದ ತೊಡಕಿಲ್ಲದ ಪುಸ್ತಕಗಳನ್ನು ಗ್ರಂಥಾಲಯದ ಕಂಪ್ಯೂಟರಿಗೆ ಒಮ್ಮೆ ಇಳಿಸಿಟ್ಟರೆ ಊರವರು ಇಂಟರ್‌ನೆಟ್ ಇಲ್ಲದೆಯೂ ಓದಬಹುದು, ಮೊಬೈಲಿಗೆ ಹಾಕಿಕೊಂಡೂ ಹೋಗಬಹುದು.

ಇಲ್ಲಿ ಒಂದು ಮಾತು ಕಣ್ಣು ಕಾಣದವರ ಪರವಾಗಿ. ಮೊಬೈಲ್ ಈಗ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ನನ್ನ ತರಗತಿಯಲ್ಲಿದ್ದ ದೃಷ್ಟಿದೋಷವುಳ್ಳ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿಸಿಕೊಂಡೇ ಪರೀಕ್ಷೆಗೆ ತಯಾರಾಗುತ್ತಿದ್ದ. ಆದರೆ ಅದು ಓದಬೇಕಾದರೆ ಅಕ್ಷರ ಯುನಿಕೋಡ್‌ನಲ್ಲಿರಬೇಕು, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಗುರುತಿಸುವ ಸಂಕೇತದಲ್ಲಿರಬೇಕು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದು, ಪುಟದ ಚಿತ್ರವಾಗಿ ಸ್ಕ್ಯಾನ್ ಮಾಡಿದ್ದು ಅವನಿಗೆ ಖಾಲಿ ಕಾಗದವಿದ್ದಂತೆ. ಪಂಚಾಯಿತಿಯ ನೋಟಿಸು, ಫಲಾನುಭವಿಗಳ ಪಟ್ಟಿ, ಗ್ರಾಮ ಸಭೆಯ ನಡಾವಳಿಯನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಡಿಸಿ. ಕಣ್ಣಿರುವವರಿಗೂ ಹೆಸರು ಹುಡುಕುವುದು ಸುಲಭವಾಗುತ್ತದೆ.

ಇನ್ನು ಪುಸ್ತಕಗಳು. ಸರ್ಕಾರ ಸಗಟು ಖರೀದಿಯಲ್ಲಿ ಒಂದು ಪುಸ್ತಕದ ಮುನ್ನೂರು ಪ್ರತಿ ಕೊಳ್ಳುತ್ತದೆ ಎಂಬುದನ್ನು ಕನ್ನಡದ ಪ್ರಕಾಶಕರೆಲ್ಲ ಬಲ್ಲರು. ಆ ಖರೀದಿ ತಡವಾದರೆ, ದುಡ್ಡು ತಡವಾದರೆ ಅವರು ಗೋಳಾಡುತ್ತಾರೆ. ಅವರ ಗೋಳು ನಿಜವಾದದ್ದೇ. ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಾಗುವುದು ಆ ಮುನ್ನೂರು ಪ್ರತಿಯನ್ನು ನಂಬಿಕೊಂಡು. ಆದರೆ ಈ ಇಡೀ ಚರ್ಚೆಯಲ್ಲಿ ಲೇಖಕ ಇದ್ದಾನೆ, ಪ್ರಕಾಶಕ ಇದ್ದಾನೆ, ಇಲಾಖೆ ಇದೆ, ಓದುವವರು ಮಾತ್ರ ಎಲ್ಲೂ ಇಲ್ಲ. ಕಟ್ಟು ಬಿಚ್ಚಿದಾಗ ಏನು ಬಂದಿದೆಯೋ ಅದು ನಮ್ಮ ಪಾಲು. ಕೃಷಿಯ ಪುಸ್ತಕ ಬಂದರೂ ಮಲೆನಾಡಿನ ಅಡಿಕೆಯ ಬಗ್ಗೆ ಬಂದಿದ್ದರೆ ಮೆಕ್ಕೆಜೋಳ, ಹತ್ತಿ, ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಮ್ಮ ರೈತ ಅದನ್ನೇನು ಮಾಡಬೇಕು?

ಬಂದ ಪುಸ್ತಕವೂ ಕೈಗೆ ಸಿಗುವುದಿಲ್ಲ. ಗಾಜಿನ ಬೀರುವಿನಲ್ಲಿ ಬೆನ್ನು ಕಾಣುತ್ತದೆ, ಬೀಗ ಹಾಕಿರುತ್ತದೆ. ನನಗೂ ಹಿಂದೆ ಇದರ ಮೇಲೆ ಸಿಟ್ಟಿತ್ತು. ಗ್ರಂಥಾಲಯದ ಮೇಲ್ವಿಚಾರಕರೊಬ್ಬರ ಜೊತೆ ಕೂತು ಮಾತಾಡಿದ ಮೇಲೆ ತಿಳಿಯಿತು: ಲೆಕ್ಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ಅದರ ಬೆಲೆ ತಮ್ಮ ಕೈಯಿಂದಲೇ ಹೋಗುತ್ತದೆಂಬ ಅಂಜಿಕೆ ಅವರನ್ನು ಬಿಟ್ಟಿಲ್ಲ. ವರ್ಷಗಳ ಕಾಲ ಅಲ್ಪ ಗೌರವಧನದ ಮೇಲೆ ದುಡಿದವರು, ಕನಿಷ್ಠ ವೇತನಕ್ಕಾಗಿ ಧರಣಿ ಕೂತವರು ಪುಸ್ತಕಕ್ಕೆ ಬೀಗ ಹಾಕದೆ ಇನ್ನೇನು ಮಾಡಿಯಾರು? ಹರಿದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಸಮಿತಿಯ ಮುಂದೆ ಇಟ್ಟು ಲೆಕ್ಕದಿಂದ ತೆಗೆಯುವ ಪದ್ಧತಿಯನ್ನು ತನ್ನಿ. ಅಷ್ಟು ಧೈರ್ಯ ಕೊಟ್ಟರೆ ಬೀಗ ತಾನಾಗಿ ತೆಗೆಯುತ್ತದೆ. ‘ಪುಸ್ತಕಗಳಿರುವುದು ಬಳಸುವುದಕ್ಕೆ’ ಎಂಬುದನ್ನು ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದರು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಆ ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಹೆಸರಿನಲ್ಲಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುತ್ತೇವೆ, ಫೋಟೊಗೆ ಹಾರ ಹಾಕುತ್ತೇವೆ.

ಮೇಲ್ವಿಚಾರಕರ ಬಗ್ಗೆ ಇನ್ನೂ ಒಂದು ಕೋರಿಕೆ. ಗ್ರಂಥಾಲಯಕ್ಕೆ ಇರುವುದು ಅವರೊಬ್ಬರೇ. ಕಚೇರಿಯಲ್ಲಿ ಕೆಲಸ ಹೆಚ್ಚಾದಾಗ, ಸಮೀಕ್ಷೆ ಬಂದಾಗ ಅವರನ್ನು ಕರೆದುಬಿಡುತ್ತಾರೆ. ಅವರು ಹೋದರೆ ಬಾಗಿಲು ಮುಚ್ಚಿತು. ಎರಡು ಕಿಲೋಮೀಟರ್ ನಡೆದು ಬಂದ ಹುಡುಗಿ ಮುಚ್ಚಿದ ಬಾಗಿಲು ನೋಡಿ ಎರಡು ಸಲ ವಾಪಸಾದರೆ ಮೂರನೇ ಸಲ ಮನೆಯವರೇ ಕಳಿಸುವುದಿಲ್ಲ. ಅವರನ್ನು ಅವರ ಕೆಲಸದಲ್ಲೇ ಇರಲು ಬಿಡಿ. ರಜೆ ಹಾಕಿದ ದಿನ ಬಾಗಿಲು ತೆರೆಯಲು ಊರಿನ ಇಬ್ಬರು ಓದುಗರಿಗೆ ಅಧಿಕಾರ ಕೊಡಿ. ಪರೀಕ್ಷೆಗೆ ಓದುವವರು ಸಂತೋಷದಿಂದ ಆ ಹೊಣೆ ಹೊರುತ್ತಾರೆ. ಪುಸ್ತಕದ ಮೇಲೆ ಪ್ರೀತಿ ಇರುವ ಸಾಮಾನ್ಯ ಜನರನ್ನು ನಂಬಿ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಪಾಂಡವಪುರ ತಾಲ್ಲೂಕಿನ ಅಂಕೇಗೌಡರು ತಮ್ಮ ಸಂಬಳದಲ್ಲೇ ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿ ಹರಳಹಳ್ಳಿಯಲ್ಲಿ ಪುಸ್ತಕ ಮನೆ ಕಟ್ಟಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಅವರು ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಬಿದ್ದಾಗ ಎಲ್ಲೆಲ್ಲಿಂದಲೋ ಕನ್ನಡಿಗರು ಪುಸ್ತಕ, ದುಡ್ಡು ಕಳಿಸಿದರು.

ದುಡ್ಡು ಎಲ್ಲಿದೆ ಎಂದು ನೀವು ಕೇಳುತ್ತೀರಿ. ನಿಮ್ಮ ಮನೆಯ ಕರದ ರಶೀದಿಯನ್ನು ತೆಗೆದು ನೋಡಿ. ಮನೆ ಕರದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರದ ಜೊತೆಗೆ ಗ್ರಂಥಾಲಯ ಕರ ಎಂಬ ಸಾಲಿದೆ. ನೂರು ರೂಪಾಯಿಗೆ ಆರು ರೂಪಾಯಿ. ಸಾವಿರ ರೂಪಾಯಿ ಮನೆ ಕರ ಕಟ್ಟುವವರು 60 ರೂಪಾಯಿ ಗ್ರಂಥಾಲಯಕ್ಕೆಂದು ಕಟ್ಟುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಕಟ್ಟುತ್ತಾಳೆ, ಗ್ರಂಥಾಲಯದ ಹೊಸ್ತಿಲು ತುಳಿಯದ ನಮ್ಮ ಸಂಘದ ಹೆಣ್ಣುಮಕ್ಕಳೂ ಕಟ್ಟುತ್ತಾರೆ. ಒಂದು ಪಂಚಾಯಿತಿಯಲ್ಲಿ ವರ್ಷಕ್ಕೆ ಹತ್ತು ಲಕ್ಷ ಮನೆ ಕರ ವಸೂಲಾದರೆ 60 ಸಾವಿರ ಈ ಬಾಬ್ತಿನದು. ಅದರಲ್ಲಿ ಎಷ್ಟು ಪುಸ್ತಕ, ಎಷ್ಟು ಕುರ್ಚಿ, ಒಂದು ಬ್ಯಾಟರಿ ಬರುತ್ತದೆಂಬ ಲೆಕ್ಕವನ್ನು ನೀವೇ ಹಾಕಿ. ನಗರಗಳಲ್ಲಿ ಈ ಕರವನ್ನು ಜನರಿಂದ ವಸೂಲಿ ಮಾಡಿ ಗ್ರಂಥಾಲಯಕ್ಕೆ ತಲುಪಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬಂದಿದೆ. ಹಳ್ಳಿಯಲ್ಲಿ ಹಾಗಾಗದಂತೆ ತಡೆಯುವುದು ಸುಲಭ. ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಂಥಿಂಥದ್ದು ಕೊಂಡೆವು ಎಂದು ಗ್ರಾಮ ಸಭೆಯಲ್ಲಿ ಓದಿ ಹೇಳಿದರೆ ಮುಗಿಯಿತು.

ನಾನು ಕೇಳುತ್ತಿರುವುದು ಹೊಸ ಕಟ್ಟಡವಲ್ಲ. ಗೆದ್ದು ಬಂದ ಮೇಲೆ ನಿಮ್ಮ ಮೊದಲ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿ. ಗ್ರಂಥಾಲಯಕ್ಕೊಂದು ಓದುಗರ ಸಮಿತಿ ಇರಲಿ. ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ, ಪರೀಕ್ಷೆಗೆ ಓದುವವರೊಬ್ಬರು, ಪೇಪರ್ ಓದುವ ಹಿರಿಯರೊಬ್ಬರು, ಹೈಸ್ಕೂಲಿನ ಹುಡುಗಿಯೊಬ್ಬಳು, ಕೇರಿಯವರು, ತಾಂಡಾದವರು ಇರಲಿ. ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇಡಿಸಿ, ಬೇಕಾದ ಪುಸ್ತಕದ ಹೆಸರನ್ನು ಯಾರು ಬೇಕಾದರೂ ಅದರಲ್ಲಿ ಬರೆಯಲಿ. ಬರೆಯಲು ಬಾರದವರು ಹೇಳಿದ್ದನ್ನು ಮೇಲ್ವಿಚಾರಕರು ಬರೆದುಕೊಳ್ಳಲಿ. ಗ್ರಂಥಾಲಯ ಕರದ ಹಣದಲ್ಲಿ ಕೊಳ್ಳುವಾಗ ಆ ನೋಟ್‌ಬುಕ್ಕಿನಿಂದಲೇ ಪಟ್ಟಿ ತಯಾರಾಗಲಿ, ಸಮಿತಿ ಒಪ್ಪದೆ ಬಿಲ್ ಪಾಸಾಗದಿರಲಿ. ತೆರೆಯುವ ಸಮಯವನ್ನೂ ಇವರೇ ಕೂತು ತೀರ್ಮಾನಿಸಲಿ. ಸುಗ್ಗಿಯಲ್ಲಿ ಒಂದು ಸಮಯ, ಪರೀಕ್ಷೆಯ ತಿಂಗಳಲ್ಲಿ ಇನ್ನೊಂದು ಸಮಯ ಬೇಕಾಗಬಹುದು. ಯಾವಾಗ ಏನು ಎಂಬುದು ಊರಿನಲ್ಲೇ ಇರುವವರಿಗೆ ಗೊತ್ತಿರುತ್ತದೆ.

ಮತ ಕೇಳಲು ಬರುವಾಗ ಸಂಜೆ ಹೊತ್ತು ಗ್ರಂಥಾಲಯಕ್ಕೂ ಬನ್ನಿ. ಮಕ್ಕಳನ್ನು ಬಿಟ್ಟರೆ ಅಲ್ಲಿರುವವರೆಲ್ಲ ನಿಮ್ಮ ಮತದಾರರೇ. ಈ ಠರಾವು ಮಾಡುತ್ತೀರೋ ಇಲ್ಲವೋ ಎಂದು ನಾವು ಅಲ್ಲೇ ಕೇಳುತ್ತೇವೆ. ಮಧ್ಯಾಹ್ನ ಬಾಗಿಲು ತೆರೆಸುತ್ತೀರೋ ಇಲ್ಲವೋ ಎಂದು ನಮ್ಮ ಸಂಘದವರು ಅವರವರ ಮನೆಯ ಮುಂದೆ ಕೇಳುತ್ತಾರೆ.

ಇಂತಿ,
ನಿಮ್ಮೂರ ಗ್ರಂಥಾಲಯದ ಸದಸ್ಯೆಯೊಬ್ಬಳು
ಹಾವೇರಿ ಜಿಲ್ಲೆ